ಕಾರಣಸಹಿತ ವಜಾ: ಉನ್ನತಾಧಿಕಾರಿಗಳ ಸೇವಾ ಮುಕ್ತಾಯದ ಆಧಾರಗಳು

ಕಂಪನಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ವ್ಯವಸ್ಥಾಪಕ ನಿರ್ದೇಶಕ, ಹಣಕಾಸು ಮುಖ್ಯಸ್ಥ ಮೊದಲಾದ ಮೇಲಿನ ಹುದ್ದೆಯವರನ್ನು, ಅವರದೇ ತಪ್ಪನ್ನು ಆಧಾರವಾಗಿಟ್ಟುಕೊಂಡು, ನಿರ್ಗಮನ ಪರಿಹಾರ ಕೊಡದೆ ಕೆಲಸದಿಂದ ತೆಗೆಯುವ ಕ್ರಮ. ಹೆಸರು ಕೊಂಚ ದಾರಿ ತಪ್ಪಿಸುವಂಥದು. ಕಾರಣವಿಲ್ಲದೆ ಯಾವ ಕಂಪನಿಯೂ ತನ್ನ ಮುಖ್ಯಸ್ಥನನ್ನು ಮನೆಗೆ ಕಳಿಸುವುದಿಲ್ಲ. ಲಾಭ ಕುಸಿದಿರುತ್ತದೆ, ಬೋರ್ಡಿನೊಡನೆ ಹೊಂದಾಣಿಕೆ ಕೆಟ್ಟಿರುತ್ತದೆ, ಷೇರಿನ ಬೆಲೆ ನೆಲಕಚ್ಚಿರುತ್ತದೆ. ಆಡುಮಾತಿನಲ್ಲಿ ಇವೆಲ್ಲ ಕಾರಣಗಳೇ. ಕರಾರಿನ ಭಾಷೆಯಲ್ಲಿ ಅಲ್ಲ. ಅಲ್ಲಿ ‘ಕಾರಣ’ ಎನ್ನುವುದು ಪಾರಿಭಾಷಿಕ ಪದ. ಕೆಲಸಕ್ಕೆ ಸೇರುವ ದಿನವೇ ಎರಡೂ ಕಡೆಯ ವಕೀಲರು ಕೂತು ಅದರ ಅರ್ಥವನ್ನು ಬರೆದಿಟ್ಟಿರುತ್ತಾರೆ. ಆ ಅರ್ಥದೊಳಗೆ ಬಾರದ ತಪ್ಪು ಎಷ್ಟೇ ದೊಡ್ಡದಿರಲಿ, ಕರಾರಿನ ಮಟ್ಟಿಗೆ ಅದು ‘ಕಾರಣರಹಿತ’. ನಮ್ಮ ಕಚೇರಿಗಳಲ್ಲಿ ಗುಮಾಸ್ತನ ಕೈಗೆ ಬರುವ ‘ಕಾರಣ ಕೇಳಿ ನೋಟಿಸ್’ ಎಲ್ಲರಿಗೂ ಗೊತ್ತು. ಅಲ್ಲಿ ಕಾರಣ ಹೇಳಬೇಕಾದವನು ನೌಕರ. ಇಲ್ಲಿ ಕಾರಣ ತೋರಿಸಬೇಕಾದದ್ದು ಕಂಪನಿ.

ಜಗಳ ಇರುವುದು ಕುರ್ಚಿಗಾಗಿ ಅಲ್ಲ, ಹಣಕ್ಕಾಗಿ. ಕುರ್ಚಿಯನ್ನು ಬೋರ್ಡು ಯಾವತ್ತು ಬೇಕಾದರೂ ಕಿತ್ತುಕೊಳ್ಳಬಹುದು. ಬಹುತೇಕ ದೇಶಗಳ ಕಾನೂನು ಅದನ್ನು ತಡೆಯುವುದಿಲ್ಲ. ಅಮೆರಿಕದಲ್ಲಂತೂ ಕರಾರಿಲ್ಲದ ನೌಕರನನ್ನು ಕಾರಣ ಹೇಳದೆಯೇ ತೆಗೆಯಬಹುದು ಎನ್ನುವುದೇ ಮೂಲ ನಿಯಮ. ಅದಕ್ಕಾಗಿಯೇ ದೊಡ್ಡ ಹುದ್ದೆಗೆ ಬರುವವರು ಕರಾರು ಕೇಳುತ್ತಾರೆ: ತೆಗೆಯುವುದಾದರೆ ತೆಗೆಯಿರಿ, ಆದರೆ ಇಷ್ಟು ವರ್ಷದ ಸಂಬಳ, ಇಷ್ಟು ಬೋನಸ್, ಇನ್ನೂ ಕೈಸೇರದ ಸ್ಟಾಕ್ ಆಪ್ಷನ್ ಕೊಟ್ಟು ತೆಗೆಯಿರಿ ಎಂದು. ಈ ಕಟ್ಟು ಕೊಡಬೇಕಾಗಿಲ್ಲದ ಒಂದೇ ಸಂದರ್ಭ ಕಾರಣಸಹಿತ ವಜಾ. ಆದ್ದರಿಂದ ‘ಸಹಿತ’, ‘ರಹಿತ’ ಎಂಬ ಮೂರಕ್ಷರದ ಪದಗಳ ವ್ಯತ್ಯಾಸಕ್ಕೆ ಕೋಟಿಗಟ್ಟಲೆ ಬೆಲೆ.

ಕರಾರಿನ ಪಟ್ಟಿ

ಅಮೆರಿಕದ ಕರಾರುಗಳಲ್ಲಿ ಈ ಆಧಾರಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಭಾರತದ ಐಟಿ ಕಂಪನಿಗಳು ಮತ್ತು ಖಾಸಗಿ ಬ್ಯಾಂಕುಗಳು ಬಳಸುವ ಭಾಷೆಗೂ ಅದರ ಛಾಯೆಯಿದೆ. ಮೊದಲಿಗೆ ಅಪರಾಧ ಬರುತ್ತದೆ: ಗಂಭೀರ ಅಪರಾಧದಲ್ಲಿ ಅಥವಾ ನೈತಿಕ ಅಧಃಪತನದ ಕೃತ್ಯದಲ್ಲಿ ಶಿಕ್ಷೆಯಾಗುವುದು, ಇಲ್ಲವೇ ತಪ್ಪೊಪ್ಪಿಕೊಳ್ಳುವುದು. ಆರೋಪ ಹೊರಿಸಿದರೇ ಸಾಕು ಎಂದು ಬರೆಸಲು ಕಂಪನಿಯ ವಕೀಲರು ನೋಡುತ್ತಾರೆ. ಶಿಕ್ಷೆಯೇ ಆಗಬೇಕು ಎಂದು ಅಧಿಕಾರಿಯ ವಕೀಲರು ಹಟ ಹಿಡಿಯುತ್ತಾರೆ. ಆರೋಪಪಟ್ಟಿಗೂ ತೀರ್ಪಿಗೂ ನಡುವೆ ವರ್ಷಗಳೇ ಕಳೆಯುವುದರಿಂದ ಈ ಒಂದು ಪದದ ಚೌಕಾಸಿ ಸಣ್ಣದಲ್ಲ. ಸಂಚಾರ ನಿಯಮದ ಉಲ್ಲಂಘನೆಯಂಥವನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಆಮೇಲೆ ವಂಚನೆ, ಕಂಪನಿಯ ಹಣ ನುಂಗುವುದು, ಲೆಕ್ಕ ತಿದ್ದುವುದು. ಇವುಗಳ ಬಗ್ಗೆ ಯಾರೂ ವಾದಿಸುವುದಿಲ್ಲ.

ನಿಜವಾದ ಹಗ್ಗಜಗ್ಗಾಟ ನಡೆಯುವುದು ಕರ್ತವ್ಯಲೋಪದ ಕಲಮಿನಲ್ಲಿ. ಕೆಲಸ ಮಾಡದಿರುವುದು, ಬೋರ್ಡಿನ ನ್ಯಾಯಸಮ್ಮತ ಸೂಚನೆಯನ್ನು ಮೀರುವುದು, ತೀವ್ರ ನಿರ್ಲಕ್ಷ್ಯ — ಇವುಗಳ ಹಿಂದೆ ‘ಉದ್ದೇಶಪೂರ್ವಕ’ ಎಂಬ ವಿಶೇಷಣ ಇದೆಯೇ ಇಲ್ಲವೇ ಎನ್ನುವುದರ ಮೇಲೆ ಇಡೀ ಕಲಮು ನಿಂತಿದೆ. ಅಧಿಕಾರಿಯ ಪರವಾದ ಕರಡಿನಲ್ಲಿ ಆ ಪದಕ್ಕೂ ಒಂದು ಬೇಲಿ ಇರುತ್ತದೆ: ಕಂಪನಿಗೆ ಒಳ್ಳೆಯದಾಗಲೆಂದು ಸದ್ಭಾವನೆಯಿಂದ ಮಾಡಿದ್ದು ಉದ್ದೇಶಪೂರ್ವಕ ತಪ್ಪಲ್ಲ, ಬೋರ್ಡಿನ ಠರಾವು ಅಥವಾ ಕಂಪನಿ ವಕೀಲರ ಸಲಹೆಯಂತೆ ನಡೆದದ್ದನ್ನು ಸದ್ಭಾವನೆಯ ನಡೆ ಎಂದೇ ಭಾವಿಸತಕ್ಕದ್ದು, ಕಾಯಿಲೆಯಿಂದ ಕೆಲಸ ನಿಂತದ್ದು ಲೋಪವಲ್ಲ. ಇಷ್ಟೆಲ್ಲ ಬೇಲಿ ದಾಟಿ ಒಬ್ಬನ ತಪ್ಪನ್ನು ಸಾಬೀತು ಮಾಡುವುದು ಬೋರ್ಡಿಗೆ ಕಷ್ಟ. ಕಂಪನಿಯ ಪರವಾದ ಕರಡು ಇದಕ್ಕೆ ತದ್ವಿರುದ್ಧ: ಕಂಪನಿಯ ಹೆಸರಿಗೆ ಕುಂದು ತರುವ ಯಾವುದೇ ನಡತೆ, ಅದೂ ಬೋರ್ಡಿನ ವಿವೇಚನೆಯಂತೆ. ಇಂಥ ಕಲಮಿಗೆ ಸಹಿ ಹಾಕಿದವರಿಗೆ ಕರಾರು ಇದ್ದೂ ಇಲ್ಲದಂತೆ.

ಹಿತಾಸಕ್ತಿ ಸಂಘರ್ಷವನ್ನು ಮುಚ್ಚಿಡುವುದು ಈಚಿನ ವರ್ಷಗಳಲ್ಲಿ ಎದ್ದು ಕಾಣುವ ಆಧಾರ. ಅಮೆರಿಕದ ಕೋಲ್ಸ್ ಮಳಿಗೆ ಸರಣಿಯ ಮುಖ್ಯಸ್ಥ ಆಶ್ಲಿ ಬುಕ್ಯಾನನ್ 2025ರ ಜನವರಿಯಲ್ಲಿ ಅಧಿಕಾರ ವಹಿಸಿ ಮೇ ತಿಂಗಳ ಆರಂಭಕ್ಕೆ ಮನೆಗೆ ಹೋದರು. ತಮ್ಮ ವೈಯಕ್ತಿಕ ಸಂಬಂಧದಲ್ಲಿದ್ದವರಿಗೆ ಸೇರಿದ ವ್ಯವಹಾರವನ್ನು ಕಂಪನಿಗೆ ತಂದು, ಆ ಸಂಬಂಧವನ್ನು ಹೇಳಿರಲಿಲ್ಲ ಎಂಬುದು ಆಪಾದನೆ. ಕಾರಣಸಹಿತ ವಜಾ ಆದ್ದರಿಂದ ಷೇರಿನ ಹಕ್ಕುಗಳು ರದ್ದಾದವು, ಸೇರುವಾಗ ಪಡೆದ ಬೋನಸ್ಸಿನ ಒಂದು ಭಾಗವನ್ನು ಹಿಂದಿರುಗಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ನೆಸ್ಲೆ ತನ್ನ ಮುಖ್ಯಸ್ಥ ಲೊರಾಂ ಫ್ರೆಕ್ಸ್ ಅವರನ್ನು, ಕೈಕೆಳಗಿನ ಉದ್ಯೋಗಿಯೊಂದಿಗಿನ ಸಂಬಂಧವನ್ನು ತಿಳಿಸದಿದ್ದಕ್ಕಾಗಿ, ಯಾವ ಪರಿಹಾರವೂ ಇಲ್ಲದೆ ತೆಗೆಯಿತು. ಬೆಂಗಳೂರಿನ ಐಟಿ ವಲಯಕ್ಕೆ ಇದು ಹೊಸ ಪಾಠವೇನಲ್ಲ. ಇಲ್ಲಿ ದೊಡ್ಡ ಕೇಂದ್ರ ನಡೆಸುತ್ತಿದ್ದ ಅಮೆರಿಕದ ಐಗೇಟ್ ಕಂಪನಿ 2013ರ ಮೇ ತಿಂಗಳಲ್ಲಿ ತನ್ನ ಮುಖ್ಯಸ್ಥ ಫಣೀಶ್ ಮೂರ್ತಿಯವರನ್ನು ತೆಗೆದಾಗ ಆಡಿದ ಮಾತು ಗಮನಿಸಬೇಕಾದದ್ದು: ಕಿರುಕುಳ ನಿಷೇಧ ನೀತಿಯ ಉಲ್ಲಂಘನೆ ತನಿಖೆಯಲ್ಲಿ ಕಂಡುಬಂದಿಲ್ಲ, ಕೈಕೆಳಗಿನವರೊಂದಿಗಿನ ಸಂಬಂಧವನ್ನು ವರದಿ ಮಾಡದಿದ್ದುದೇ ನೀತಿಗೂ ಕರಾರಿಗೂ ವಿರುದ್ಧ. ಎಂದರೆ ಶಿಕ್ಷೆ ಸಂಬಂಧಕ್ಕಲ್ಲ, ಮೌನಕ್ಕೆ.

ತನಿಖೆಗೆ ಸಹಕರಿಸದಿರುವುದೂ ಪ್ರತ್ಯೇಕ ಆಧಾರ. ಲೈಂಗಿಕ ದುರ್ನಡತೆಯ ಆರೋಪಗಳ ನಡುವೆ 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟಿವಿ ಸಂಸ್ಥೆ ಸಿಬಿಎಸ್ ಬಿಟ್ಟ ಅದರ ಮುಖ್ಯಸ್ಥ ಲೆಸ್ಲಿ ಮೂನ್ವೆಸ್ ಅವರ ಹೆಸರಿಗೆ ಕಂಪನಿ 12 ಕೋಟಿ ಡಾಲರ್ ತೆಗೆದಿಟ್ಟಿತ್ತು. ಡಿಸೆಂಬರ್‌ನಲ್ಲಿ ಬೋರ್ಡು ಕಾರಣವಿದೆ ಎಂದು ತೀರ್ಮಾನಿಸಿತು. ಅದು ಕೊಟ್ಟ ಆಧಾರಗಳಲ್ಲಿ ತನಿಖೆಗೆ ಪೂರ್ತಿ ಸಹಕರಿಸಲಿಲ್ಲ ಎಂಬುದೂ ಒಂದು. ಮೂನ್ವೆಸ್ ಆರೋಪಗಳನ್ನು ಅಲ್ಲಗಳೆದು ಮಧ್ಯಸ್ಥಿಕೆಗೆ ಹೋದರು. 2021ರಲ್ಲಿ ರಾಜಿಯಾಗಿ ಅಷ್ಟೂ ಹಣ ಕಂಪನಿಗೆ ಮರಳಿತು.

ಸೋತದ್ದು ತಪ್ಪೇ?

ಈ ಪ್ರಶ್ನೆಗೆ ಅತಿ ವಿವರವಾದ ಉತ್ತರ ಬಂದದ್ದು ಡಿಸ್ನಿ ಪ್ರಕರಣದಲ್ಲಿ. ಹಾಲಿವುಡ್‌ನ ಪ್ರಬಲ ಏಜೆಂಟ್ ಮೈಕೆಲ್ ಒವಿಟ್ಸ್ ಅವರನ್ನು ಕಂಪನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ 1995ರ ಅಕ್ಟೋಬರ್‌ನಲ್ಲಿ ಡಿಸ್ನಿಯ ಅಧ್ಯಕ್ಷರನ್ನಾಗಿ ಕರೆತಂದರು. ಇಬ್ಬರದೂ 25 ವರ್ಷದಷ್ಟು ಹಳೆಯ ಸ್ನೇಹ. ಹದಿನಾಲ್ಕು ತಿಂಗಳಲ್ಲಿ ಎಲ್ಲ ಮುಗಿಯಿತು. ಹೊಂದಿಕೊಳ್ಳಲಾಗದ ಮನುಷ್ಯ ಎಂಬುದಕ್ಕೆ ವಿಚಾರಣೆಯಲ್ಲಿ ಬಂದ ಒಂದು ಸಣ್ಣ ಸಂಗತಿ: ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಕಂಪನಿಯ ಹಿರಿಯರ ಕೂಟ ನಡೆದಾಗ ಉಳಿದವರೆಲ್ಲ ಬಸ್ ಹತ್ತಿ ಹೊರಟರೆ ಒವಿಟ್ಸ್‌ಗೆ ಬೇರೆ ಲಿಮೊಸಿನ್ ಬೇಕಾಗಿತ್ತು. ಮೈಮೇಲೆ ಬಿದ್ದ ಕೆಲಸದಲ್ಲಿ ಹೇಳಿಕೊಳ್ಳುವಂಥದು ಏನೂ ಆಗಲಿಲ್ಲ. 1996ರ ಡಿಸೆಂಬರ್‌ನಲ್ಲಿ ಅವರನ್ನು ಕಳಿಸಿದಾಗ ಕೈಗೆ ಬಂದದ್ದು ನಗದು, ಸ್ಟಾಕ್ ಆಪ್ಷನ್ ಎಲ್ಲ ಸೇರಿ ಸುಮಾರು 13 ಕೋಟಿ ಡಾಲರ್.

ಷೇರುದಾರರು ಕೆಂಡವಾದರು. ಇಷ್ಟು ವಿಫಲನಾದವನನ್ನು ಕಾರಣಸಹಿತ ವಜಾ ಮಾಡಿ ಒಂದು ಕಾಸೂ ಕೊಡದೆ ಕಳಿಸಬಹುದಿತ್ತಲ್ಲ ಎಂಬುದು ಅವರ ದಾವೆಯ ತಿರುಳುಗಳಲ್ಲಿ ಒಂದು. ಆದರೆ ಒವಿಟ್ಸ್ ಕರಾರಿನಲ್ಲಿ ಪರಿಹಾರ ತಪ್ಪುತ್ತಿದ್ದುದು ತೀವ್ರ ನಿರ್ಲಕ್ಷ್ಯ ಅಥವಾ ದುರಾಚಾರವಿದ್ದರೆ ಮಾತ್ರ. ಕಂಪನಿಯ ಮುಖ್ಯ ವಕೀಲ ಸ್ಯಾನ್‌ಫರ್ಡ್ ಲಿಟ್ವಾಕ್ ಆಗಲೇ ಯೋಚಿಸಿ ‘ಇಲ್ಲ, ಕಾರಣ ಸಾಲದು’ ಎಂದಿದ್ದರು. ಡೆಲವೇರ್ ಚಾನ್ಸರಿ ನ್ಯಾಯಾಲಯ 37 ದಿನ ವಿಚಾರಣೆ ನಡೆಸಿ 2005ರ ಆಗಸ್ಟ್‌ನಲ್ಲಿ ಅದನ್ನೇ ಒಪ್ಪಿತು. ರಾಜ್ಯದ ಸುಪ್ರೀಂ ಕೋರ್ಟ್ 2006ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಬೋರ್ಡಿನ ನಡವಳಿಕೆ ಆದರ್ಶಪ್ರಾಯವಾಗಿರಲಿಲ್ಲ ಎಂದು ನ್ಯಾಯಾಲಯ ಟೀಕಿಸಿತಾದರೂ ಹಣವನ್ನು ಮುಟ್ಟಲಿಲ್ಲ. ಕೆಲಸ ಬಾರದಿರುವುದು, ಕೆಲಸ ಕೆಡುವುದು ತಾನಾಗಿ ‘ಕಾರಣ’ವಲ್ಲ. ಈ ತೀರ್ಪು ಅನ್ಯಾಯವೆಂದು ಅನ್ನಿಸುವವರು ಕರಾರನ್ನೊಮ್ಮೆ ಓದಬೇಕು. ನ್ಯಾಯಾಲಯ ಮಾಡಿದ್ದು ಅದಷ್ಟನ್ನೇ.

ತಡವಾಗಿ ಸಿಕ್ಕ ಕಾರಣ

ಇಂಗ್ಲೆಂಡಿನ ಕಾನೂನು ಈ ವಿಷಯದಲ್ಲಿ ಹಳೆಯದು, ಕರಾರಿನ ವ್ಯಾಖ್ಯೆಗಳಿಗಿಂತ ಸರಳವಾದದ್ದು. ಬಾಸ್ಟನ್ ಎಂಬ ಊರಿನ ಮೀನುಗಾರಿಕೆ ಕಂಪನಿಯೊಂದರ ವ್ಯವಸ್ಥಾಪಕ ನಿರ್ದೇಶಕ ಆನ್ಸೆಲ್, ಕಂಪನಿಗೆ ದೋಣಿ ಕಟ್ಟಿಸುವಾಗ ಕಟ್ಟುವವರಿಂದಲೇ ಗುಟ್ಟಾಗಿ ಕಮಿಷನ್ ತೆಗೆದುಕೊಂಡಿದ್ದ. ತಾನು ಷೇರು ಹೊಂದಿದ್ದ ಐಸ್ ಕಂಪನಿಯಿಂದ ಕಂಪನಿಯ ದೋಣಿಗಳಿಗೆ ಐಸ್ ಕೊಳ್ಳುತ್ತಿದ್ದ. ಆ ಲೆಕ್ಕದ ಬೋನಸ್ ಅವನ ಜೇಬಿಗೇ ಹೋಗುತ್ತಿತ್ತು. ಬೇರೆ ತಪ್ಪುಗಳ ಹೆಸರಿನಲ್ಲಿ ಅವನನ್ನು ತೆಗೆದಾಗ ಕಮಿಷನ್ನಿನ ಸಂಗತಿ ಕಂಪನಿಗೆ ಗೊತ್ತೇ ಇರಲಿಲ್ಲ. ಮೇಲ್ಮನವಿ ನ್ಯಾಯಾಲಯ 1888ರಲ್ಲಿ ಹೇಳಿತು: ವಜಾ ಮಾಡುವಾಗ ಗೊತ್ತಿಲ್ಲದ ತಪ್ಪು ಆಮೇಲೆ ಸಿಕ್ಕರೂ ಅದು ಆ ವಜಾವನ್ನು ಸಮರ್ಥಿಸುತ್ತದೆ. ಕಾರಣವನ್ನು ಹಿಂದಿರುಗಿ ನೋಡಿ ಕಾಣಬಹುದೆಂಬ ಈ ಸೂತ್ರದ ಆಯುಸ್ಸು ಇನ್ನೂ ಮುಗಿದಿಲ್ಲ. ಇದಕ್ಕೆ ಎರಡು ವರ್ಷ ಮೊದಲಿನ ಪಿಯರ್ಸ್–ಫಾಸ್ಟರ್ ಮೊಕದ್ದಮೆಯಲ್ಲಿ, ವಿಶ್ವಾಸದ ಹುದ್ದೆಯಲ್ಲಿದ್ದ ಗುಮಾಸ್ತನೊಬ್ಬ ಷೇರುಪೇಟೆಯಲ್ಲಿ ಭಾರೀ ಜೂಜಾಡಿದ್ದೇ ವಜಾಕ್ಕೆ ಸಾಕು, ಯಜಮಾನನಿಗೆ ನಷ್ಟವಾಗಬೇಕೆಂದೇನಿಲ್ಲ ಎಂದೂ ತೀರ್ಮಾನವಾಗಿತ್ತು.

ಭಾರತದಲ್ಲಿ

ಇಲ್ಲಿ ಮೊದಲು ತಿಳಿಯಬೇಕಾದದ್ದು ಉನ್ನತಾಧಿಕಾರಿ ಕಾರ್ಮಿಕನಲ್ಲ ಎಂಬುದು. 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಅದರ ಜಾಗಕ್ಕೆ ರೂಪಿಸಿದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಆಡಳಿತದ ಹುದ್ದೆಯವರನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಕಾರ್ಖಾನೆಯ ಫಿಟ್ಟರ್‌ನನ್ನು ತೆಗೆಯಲು ಚಾರ್ಜ್‌ಶೀಟ್, ಎನ್‌ಕ್ವೈರಿ, ಸಾಕ್ಷಿ, ಪಾಟೀಸವಾಲು ಎಲ್ಲ ಆಗಬೇಕು. ತಪ್ಪಾದರೆ ಲೇಬರ್ ಕೋರ್ಟ್ ಅವನನ್ನು ಹಿಂದಿನ ಸಂಬಳದೊಡನೆ ಮರಳಿ ಕೂರಿಸಬಹುದು. ಅದೇ ಕಾರ್ಖಾನೆಯ ಮುಖ್ಯಸ್ಥನಿಗೆ ಈ ಭಾಗ್ಯವಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ಜಾರಿಮಾಡಿಸಲಾಗದು ಎಂಬ ನಿಯಮಕ್ಕೆ ಸುಪ್ರೀಂ ಕೋರ್ಟ್ 1976ರ ವೈಶ್ ಡಿಗ್ರಿ ಕಾಲೇಜು ಪ್ರಕರಣದಲ್ಲಿ ಮೂರು ಅಪವಾದ ಗುರುತಿಸಿತು: ಸಂವಿಧಾನದ ರಕ್ಷಣೆಯಿರುವ ಸರ್ಕಾರಿ ನೌಕರ, ಕೈಗಾರಿಕಾ ಕಾನೂನಿನ ಕಾರ್ಮಿಕ, ಶಾಸನವನ್ನು ಮುರಿದ ಶಾಸನಬದ್ಧ ಸಂಸ್ಥೆಯ ನೌಕರ. ಖಾಸಗಿ ಕಂಪನಿಯ ಎಂ.ಡಿ. ಈ ಮೂವರಲ್ಲಿ ಯಾರೂ ಅಲ್ಲ. ಅವರು ಕೇಳಬಹುದಾದದ್ದು ನಷ್ಟಪರಿಹಾರ ಮಾತ್ರ.

ಕಂಪನಿ ಕಾಯ್ದೆ (2013) ನಿರ್ದೇಶಕತ್ವವನ್ನೂ ಪರಿಹಾರವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. 169ನೇ ಸೆಕ್ಷನ್ನಿನಂತೆ ಷೇರುದಾರರು ಸಾಮಾನ್ಯ ಠರಾವಿನಿಂದ ನಿರ್ದೇಶಕರನ್ನು ಅವಧಿಗೆ ಮುನ್ನ ತೆಗೆಯಬಹುದು. ವಿಶೇಷ ನೋಟಿಸ್ ಮತ್ತು ತಮ್ಮ ಮಾತು ಹೇಳಿಕೊಳ್ಳುವ ಅವಕಾಶ ಕೊಟ್ಟರಾಯಿತು, ತಪ್ಪು ತೋರಿಸಬೇಕಿಲ್ಲ. ಹಾಗೆ ತೆಗೆದರೂ ಪರಿಹಾರದ ಹಕ್ಕು ಉಳಿಯುತ್ತದೆ. 202ನೇ ಸೆಕ್ಷನ್ ಆ ಪರಿಹಾರಕ್ಕೆ ಮಿತಿ ಹಾಕುತ್ತದೆ: ಉಳಿದ ಅವಧಿ ಅಥವಾ 3 ವರ್ಷ, ಯಾವುದು ಕಡಿಮೆಯೋ ಅಷ್ಟರ ಸಂಬಳ. ವಂಚನೆ, ವಿಶ್ವಾಸದ್ರೋಹ, ತೀವ್ರ ನಿರ್ಲಕ್ಷ್ಯ ಅಥವಾ ತೀವ್ರ ದುರಾಡಳಿತದ ತಪ್ಪಿತಸ್ಥರಿಗೆ ಅದೂ ಇಲ್ಲ. ನಮ್ಮ ಶಾಸನದಲ್ಲಿ ಕಾರಣಸಹಿತ ವಜಾದ ಪಟ್ಟಿಗೆ ಅತಿ ಹತ್ತಿರ ಬರುವುದು ಈ ಸಾಲು. 2016ರ ಅಕ್ಟೋಬರ್ 24ರಂದು ಟಾಟಾ ಸನ್ಸ್ ಬೋರ್ಡು ಸೈರಸ್ ಮಿಸ್ತ್ರಿಯವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದಾಗ ಎದ್ದ ದೊಡ್ಡ ದಾವೆ ಮಾತ್ರ ಪರಿಹಾರದ್ದಲ್ಲ, ಕುರ್ಚಿಯದು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಟಾಟಾ ಪರ ನಿಂತು, ಒಬ್ಬರನ್ನು ಅಧ್ಯಕ್ಷಗಿರಿಯಿಂದ ಇಳಿಸುವುದೇ ಷೇರುದಾರರ ಮೇಲಿನ ದಬ್ಬಾಳಿಕೆಯಾಗದು ಎಂದಿತು.

‘ಕಾರಣಸಹಿತ’ ಎಂಬ ಪದವೇ ಭಾರತದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಐಸಿಐಸಿಐ ಬ್ಯಾಂಕಿನಿಂದ. ಸಾಲ ಮಂಜೂರಾತಿಯಲ್ಲಿ ಹಿತಾಸಕ್ತಿ ಸಂಘರ್ಷವಿತ್ತೆಂಬ ಆರೋಪದ ಮೇಲೆ 2018ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರಿಂದ ವಿಚಾರಣೆ ಆರಂಭವಾಯಿತು. ವರದಿ ಬರುವ ಮೊದಲೇ, ಅಕ್ಟೋಬರ್ 4ರಂದು, ಎಂ.ಡಿ. ಚಂದಾ ಕೊಚ್ಚರ್ ಅವರ ಅವಧಿಪೂರ್ವ ನಿವೃತ್ತಿಯ ಕೋರಿಕೆಯನ್ನು ಬ್ಯಾಂಕ್ ಒಪ್ಪಿತು. ಸವಲತ್ತುಗಳು ಮಾತ್ರ ವಿಚಾರಣೆಯ ಫಲಕ್ಕೆ ಒಳಪಟ್ಟಿರುತ್ತವೆ ಎಂದು ಸೇರಿಸಿತು. 2019ರ ಜನವರಿ 30ರಂದು, ಬ್ಯಾಂಕಿನ ನೀತಿಸಂಹಿತೆ ಉಲ್ಲಂಘನೆಯಾಗಿದೆ ಎಂಬ ವರದಿಯನ್ನು ಕೈಯಲ್ಲಿ ಹಿಡಿದು, ಆಗಲೇ ಹೊರಗೆ ಹೋದವರ ನಿರ್ಗಮನವನ್ನು ‘ಕಾರಣಸಹಿತ ವಜಾ’ ಎಂದು ಪರಿಗಣಿಸಿತು. ಸವಲತ್ತು, ಸ್ಟಾಕ್ ಆಪ್ಷನ್ ರದ್ದು. 2009ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗಿನ ಬೋನಸ್ ವಾಪಸ್. ಕೊಚ್ಚರ್ ತಪ್ಪೊಪ್ಪಲಿಲ್ಲ. ಬ್ಯಾಂಕ್ ಮುಖ್ಯಸ್ಥರ ವಜಾಕ್ಕೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಬಿ ಸೆಕ್ಷನ್ನಿನಂತೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು, ಅದು ಮೊದಲು ಬಂದಿರಲಿಲ್ಲ ಎಂಬುದು ಅವರ ವಾದ. ಇದು ಖಾಸಗಿ ಬ್ಯಾಂಕಿನ ಕರಾರಿನ ವಿವಾದ, ರಿಟ್ ಅರ್ಜಿ ನಿಲ್ಲದು ಎಂದು ಬಾಂಬೆ ಹೈಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. 2022ರ ನವೆಂಬರ್‌ನಲ್ಲಿ ಸಿವಿಲ್ ದಾವೆಯ ಮಧ್ಯಂತರ ಆದೇಶವೂ ವಜಾ ಮೇಲ್ನೋಟಕ್ಕೆ ಸರಿಯೆಂದೇ ಬಂತು. ಆನ್ಸೆಲ್‌ನ ದೋಣಿಗಳಿಂದ ಮುಂಬೈಯ ಬ್ಯಾಂಕಿನವರೆಗೆ ಸೂತ್ರ ಒಂದೇ: ಹೊರಹೋದ ದಿನ ಗೊತ್ತಿಲ್ಲದ್ದು ಆಮೇಲೆ ಗೊತ್ತಾದರೂ ಲೆಕ್ಕಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕ್ 2019ರ ನವೆಂಬರ್‌ನ ಮಾರ್ಗಸೂಚಿಯಲ್ಲಿ, ಖಾಸಗಿ ಬ್ಯಾಂಕ್ ಮುಖ್ಯಸ್ಥರ ವೇತನದಲ್ಲಿ ಕೊಡದ ಬೋನಸ್ ತಡೆಯುವ, ಕೊಟ್ಟದ್ದನ್ನು ಹಿಂಪಡೆಯುವ ಕಲಮುಗಳು ಇರಲೇಬೇಕೆಂದಿತು.

ಕಂಪನಿಯೇ ಎಡವಿದ ಉದಾಹರಣೆಗೆ ಬೆಂಗಳೂರನ್ನೇ ನೋಡಬಹುದು. ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥ ರಾಜೀವ್ ಬನ್ಸಲ್ 2015ರಲ್ಲಿ ಹೊರಟಾಗ ಒಪ್ಪಿದ ನಿರ್ಗಮನ ಪರಿಹಾರ 17.38 ಕೋಟಿ ರೂಪಾಯಿ. ಅದರಲ್ಲಿ ಸುಮಾರು 5.2 ಕೋಟಿ ಕೊಟ್ಟ ಮೇಲೆ ಕಂಪನಿ ಕೈ ಬಿಗಿಹಿಡಿಯಿತು. ಬಾಕಿ ಕೊಡದಿದ್ದುದು ಮಾತ್ರವಲ್ಲ, ಕೊಟ್ಟದ್ದನ್ನೂ ವಾಪಸ್ ಕೇಳಿತು. ಮಧ್ಯಸ್ಥಿಕೆಯಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪು 12.17 ಕೋಟಿ ರೂಪಾಯಿಯನ್ನು ಬಡ್ಡಿಸಮೇತ ಕೊಡುವಂತೆ ಹೇಳಿತು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮನಸ್ಸು ಬದಲಾಯಿಸಿದರೆ ಆಗುವುದು ಹೀಗೆ.

ಕ್ರಮ

ಆಧಾರ ಗಟ್ಟಿಯಿದ್ದರೂ ಕ್ರಮ ತಪ್ಪಿದರೆ ಕಂಪನಿಯ ಕೇಸು ಬಿದ್ದುಹೋಗುತ್ತದೆ. ಕರಾರುಗಳು ಸಾಮಾನ್ಯವಾಗಿ ತಪ್ಪನ್ನು ಬಿಡಿಸಿ ಹೇಳುವ ಲಿಖಿತ ನೋಟಿಸ್, ತಿದ್ದಿಕೊಳ್ಳಲು ಬಹುತೇಕ 30 ದಿನ, ವಕೀಲರೊಡನೆ ಬೋರ್ಡಿನ ಮುಂದೆ ಮಾತಾಡುವ ಅವಕಾಶ, ಕೆಲವೆಡೆ ಮೂರನೇ ಎರಡು ಅಥವಾ ಮುಕ್ಕಾಲು ಪಾಲು ಬಹುಮತ ಇವನ್ನು ಕೇಳುತ್ತವೆ. ತಿದ್ದಲಾಗದ ತಪ್ಪಿಗೆ — ಕದ್ದ ಹಣಕ್ಕೆ, ಹೇಳಿದ ಸುಳ್ಳಿಗೆ — ಅವಧಿ ಕೊಡುವುದಿಲ್ಲ. ಜರ್ಮನಿ ಇನ್ನೂ ಬಿಗಿ. ಅಲ್ಲಿನ ನಾಗರಿಕ ಸಂಹಿತೆಯ 626ನೇ ಕಲಮಿನಂತೆ, ತಪ್ಪು ಗೊತ್ತಾದ 2 ವಾರದೊಳಗೆ ವಜಾ ಮಾಡದಿದ್ದರೆ ಆ ಆಧಾರ ಕೈತಪ್ಪುತ್ತದೆ. ಹುದ್ದೆ ಬೇರೆ, ಸೇವಾ ಕರಾರು ಬೇರೆ ಎಂಬುದನ್ನೂ ಜರ್ಮನ್ನರು ಶಾಸನದಲ್ಲೇ ಕಡೆದಿಟ್ಟಿದ್ದಾರೆ: ಷೇರುದಾರರ ಸಭೆ ವಿಶ್ವಾಸ ಕಳೆದುಕೊಂಡರೆ ಹುದ್ದೆ ಹೋಗಬಹುದು, ಸಂಬಳ ಕರಾರಿನ ಅವಧಿಯ ತನಕ ಬರುತ್ತಲೇ ಇರಬಹುದು.

ಈಚೆಗೆ ಕಾರಣವನ್ನು ಪಕ್ಕಕ್ಕಿಟ್ಟು ಹಣ ಹಿಂಪಡೆಯುವ ದಾರಿಯೂ ತೆರೆದಿದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ 2022ರ ಅಕ್ಟೋಬರ್‌ನಲ್ಲಿ ತಂದ ನಿಯಮದಂತೆ, ಲೆಕ್ಕಪತ್ರ ತಿದ್ದಬೇಕಾಗಿ ಬಂದರೆ ಹಿಂದಿನ 3 ವರ್ಷಗಳಲ್ಲಿ ಹೆಚ್ಚಾಗಿ ಕೊಟ್ಟ ಪ್ರೋತ್ಸಾಹಧನವನ್ನು ಮರಳಿ ಪಡೆಯಲೇಬೇಕು. ಅಧಿಕಾರಿಯ ತಪ್ಪಿದೆಯೇ ಎಂದು ಕೇಳುವಂತಿಲ್ಲ.

ಮೆಕ್‌ಡೊನಾಲ್ಡ್ಸ್ ಪ್ರಕರಣ

ಈ ವಿಷಯದ ಎಲ್ಲ ಎಳೆಗಳೂ ಒಂದೇ ಕಡೆ ಸಿಗುವುದು ಕಂಪನಿಯ ಮುಖ್ಯಸ್ಥರಾಗಿದ್ದ ಸ್ಟೀವ್ ಈಸ್ಟರ್‌ಬ್ರೂಕ್ ಕಥೆಯಲ್ಲಿ. ಉದ್ಯೋಗಿಯೊಬ್ಬರೊಡನೆ ಒಪ್ಪಿತ ಸಂಬಂಧ ಇಟ್ಟುಕೊಂಡದ್ದಕ್ಕಾಗಿ 2019ರ ನವೆಂಬರ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಅವರನ್ನು ತೆಗೆಯಿತು. ಜಗಳ ಬೇಡವೆಂದೋ ಏನೋ, ‘ಕಾರಣರಹಿತ’ ಎಂದು ಬರೆದು ಕೋಟಿಗಟ್ಟಲೆ ಡಾಲರಿನ ಕಟ್ಟು ಕೊಟ್ಟು ಕಳಿಸಿತು. 2020ರ ಜುಲೈಯಲ್ಲಿ ಇನ್ನೊಂದು ಸಂಬಂಧದ ಬಗ್ಗೆ ಸುಳಿವು ಬಂತು. ಕಂಪನಿಯವರು ಸರ್ವರ್ ತಡಕಿದರು. ಈಸ್ಟರ್‌ಬ್ರೂಕ್ ಫೋನಿನಿಂದ ಅಳಿಸಿದ್ದರೆನ್ನಲಾದ ಚಿತ್ರಗಳು, ಕಚೇರಿಯ ಇಮೇಲಿನಿಂದ ತಮ್ಮದೇ ಖಾಸಗಿ ಖಾತೆಗೆ ಕಳಿಸಿಕೊಂಡ ಲಗತ್ತುಗಳಾಗಿ ಅಲ್ಲಿ ಕೂತಿದ್ದವು. ಮತ್ತೆ ಮೂವರು ಉದ್ಯೋಗಿಗಳೊಡನೆ ಸಂಬಂಧವಿತ್ತು, ತನಿಖೆಯಲ್ಲಿ ಸುಳ್ಳು ಹೇಳಿದ್ದರು ಎಂದು ಆರೋಪಿಸಿ ಕಂಪನಿ ಆಗಸ್ಟ್‌ನಲ್ಲಿ ಡೆಲವೇರ್‌ನಲ್ಲಿ ದಾವೆ ಹೂಡಿತು. 2021ರ ಡಿಸೆಂಬರ್‌ನ ರಾಜಿಯಲ್ಲಿ ಅವರು ನಗದು ಮತ್ತು ಷೇರಿನ ರೂಪದಲ್ಲಿ 10.5 ಕೋಟಿ ಡಾಲರ್ ಮೌಲ್ಯವನ್ನು ಹಿಂದಿರುಗಿಸಿದರು.

2023ರ ಜನವರಿಯಲ್ಲಿ ಎಸ್‌ಇಸಿ ಅವರಿಗೆ 4 ಲಕ್ಷ ಡಾಲರ್ ದಂಡ ಹಾಕಿ, 5 ವರ್ಷ ಯಾವ ಸಾರ್ವಜನಿಕ ಕಂಪನಿಯ ನಿರ್ದೇಶಕರೋ ಅಧಿಕಾರಿಯೋ ಆಗದಂತೆ ನಿರ್ಬಂಧಿಸಿತು. ಮೆಕ್‌ಡೊನಾಲ್ಡ್ಸ್‌ನದೂ ತಪ್ಪಿದೆ ಎಂದಿತು: ‘ಕಾರಣರಹಿತ’ ಎಂದು ಬರೆಯುವುದು ತನ್ನ ವಿವೇಚನೆಯ ನಿರ್ಧಾರವಾಗಿತ್ತು ಎಂಬುದನ್ನು ಅದು ಷೇರುದಾರರಿಗೆ ತಿಳಿಸಿರಲಿಲ್ಲ. ತನಿಖೆಗೆ ಸಹಕರಿಸಿ ಹಣವನ್ನು ವಸೂಲು ಮಾಡಿದ್ದರಿಂದ ಕಂಪನಿಗೆ ದಂಡ ಬೀಳಲಿಲ್ಲ.